ಪತ್ರಿಕೆ ಈ ನಾಡಿನ ಕನ್ನಡಿಯಾಗಿರಲಿಲ್ಲ

ಪ್ರತಿ ವರ್ಷ ಜುಲೈ 1 ಬಂತೆಂದರೆ ನಮ್ಮ ಭಾಗದ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. 1843ರ ಆ ದಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ಅಂದಿನಿಂದ ಕನ್ನಡ ಪತ್ರಿಕೆ ಸಮಾಜದ ಕನ್ನಡಿಯಾಗಿ ನಡೆದುಬಂದಿದೆ ಎಂಬ ಮಾತು. ವೇದಿಕೆಯ ಈ ಮಾತು ಸಂಶೋಧನ ಪ್ರಬಂಧಗಳಿಗೂ ಇಳಿದಿದೆ. ಬ್ರಿಟಿಷ್ ಆಳ್ವಿಕೆಯ ಕಾಲದ ಪತ್ರಿಕೆಗಳ ಸಂಚಿಕೆ ತೆರೆದು ನೋಡಿದರೆ ಸಾಕು, ಆಗಿನ ಸಮುದಾಯಗಳ ಮೌಲ್ಯಗಳು ತಿಳಿಯುತ್ತವೆ. ಜನ ಯಾವುದನ್ನು ಸರಿ ಎಂದರು, ಯಾವುದಕ್ಕೆ ಹೇಸಿದರು, ಯಾರನ್ನು ಕೊಂಡಾಡಿದರು ಎಂಬುದೆಲ್ಲ ಅಲ್ಲಿ ಅಚ್ಚಾಗಿದೆ ಎಂದು ಬರೆಯುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಇತಿಹಾಸ ಬರೆಯುವವರಲ್ಲೂ ಅನೇಕರು ಈ ನಂಬಿಕೆಯ ಮೇಲೆಯೇ ನಿಂತಿದ್ದಾರೆ.

ಈ ನಂಬಿಕೆ ತಪ್ಪು. ಬರೀ ತಪ್ಪಾಗಿದ್ದರೆ ತಿದ್ದಿ ಸುಮ್ಮನಿರಬಹುದಿತ್ತು. ಅದು ಅನ್ಯಾಯವೂ ಹೌದು, ಅದೂ ಎರಡು ಕಡೆಗೆ. ಪತ್ರಿಕೆಯಲ್ಲಿ ಮಾತು ಬಾರದ ಲಕ್ಷಾಂತರ ಮಂದಿಗೆ ಮೌಲ್ಯಗಳೇ ಇರಲಿಲ್ಲವೆಂಬಂತೆ ಅದು ನಡೆದುಕೊಳ್ಳುತ್ತದೆ. ತಮ್ಮ ಸಮಾಜದ ಎದುರು ನಿಂತು ಬರೆದ ಸಂಪಾದಕರ ಎದೆಗಾರಿಕೆಯನ್ನು ಬರೀ ಪ್ರತಿಬಿಂಬವೆಂದು ಇಳಿಸಿಬಿಡುತ್ತದೆ. ಆ ಕಾಲದ ಪತ್ರಿಕೆಗಳು ಸಮಾಜ ಹೇಗಿತ್ತೆಂದು ತೋರಿಸಲು ಹುಟ್ಟಿದವಲ್ಲ, ಹೇಗಿರಬೇಕೆಂದು ವಾದಿಸಲು ಹುಟ್ಟಿದವು. ವಾದಿಯ ಹೇಳಿಕೆಯನ್ನು ಸಾಕ್ಷಿಯ ಹೇಳಿಕೆಯೆಂದು ಓದಿದ್ದರಿಂದ ನಮ್ಮ ಇತಿಹಾಸ ಬರಹ ಅರ್ಧಕ್ಕೆ ನಿಂತಿದೆ.

ಮೊದಲು ಕಿತ್ತೂರನ್ನೇ ತೆಗೆದುಕೊಳ್ಳೋಣ. ಈ ಸೀಮೆಯ ಆಧುನಿಕ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಬ್ರಿಟಿಷರ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಆಗ ಯಾವ ಪತ್ರಿಕೆಗಳಿದ್ದವು? ಮುಂಬಯಿಯಲ್ಲಿ ಇಂಗ್ಲಿಷ್ ಪತ್ರಿಕೆಗಳಿದ್ದವು. 1822ರಲ್ಲಿ ಶುರುವಾದ ಗುಜರಾತಿಯ ‘ಮುಂಬಯಿ ಸಮಾಚಾರ’ ಇತ್ತು. ಮರಾಠಿಯ ‘ದರ್ಪಣ’ ಬಂದದ್ದು 1832ರಲ್ಲಿ, ರಾಯಣ್ಣ ಸತ್ತ ಮರುವರ್ಷ. ಕನ್ನಡದ ಮೊದಲ ಪತ್ರಿಕೆ ಬಂದದ್ದು ಕಿತ್ತೂರು ಬಿದ್ದ ಹತ್ತೊಂಬತ್ತನೆಯ ವರ್ಷಕ್ಕೆ. ಅದೂ ಇಲ್ಲಲ್ಲ, ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನ ಒಬ್ಬ ಜರ್ಮನ್ ಪಾದ್ರಿಯ ಕೈಯಿಂದ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವಾಯಿತು. ಮೋಗ್ಲಿಂಗರು ಕನ್ನಡಕ್ಕೆ ಮಾಡಿದ ಸೇವೆ ದೊಡ್ಡದು, ಅದಕ್ಕೆ ಕೈಮುಗಿಯಬೇಕು. ಆದರೆ ಆ ಹಾಳೆಯಲ್ಲಿ ಕಿತ್ತೂರ ಸೀಮೆಯ ಜನರ ಮುಖ ಹುಡುಕುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಕಿತ್ತೂರಿನ ನೆನಪನ್ನು ಉಳಿಸಿದವರು ಯಾರು? ಲಾವಣಿಕಾರರು. ದಪ್ಪು, ತುಂತುಣಿ ಹಿಡಿದು ಊರೂರ ಜಾತ್ರೆಗೆ ಹೋದವರು. ರಾಯಣ್ಣನನ್ನು ಸರಕಾರ ಪುಂಡನೆಂದು ಬರೆದುಕೊಂಡಿತು. ಹಾಡು ಅವನನ್ನು ಶೂರನೆಂದು ಕರೆಯಿತು. ಇಲ್ಲಿ ಎದುರುಬದುರಾಗಿ ನಿಂತದ್ದು ಎರಡು ಮೌಲ್ಯಗಳೇ. ಉಂಡ ಮನೆಗೆ ನಿಷ್ಠೆ, ಕೊಟ್ಟ ಮಾತಿಗೆ ಬೆಲೆ, ನೆಲ ಕಸಿದವನ ಮೇಲೆ ಸಿಟ್ಟು, ಹಿಡಿದುಕೊಟ್ಟವನ ಮೇಲೆ ಹೇಸಿಗೆ: ಈ ಸೀಮೆಯ ಒಕ್ಕಲು ಮಂದಿ ಏನನ್ನು ಪುಣ್ಯ, ಏನನ್ನು ಪಾಪ ಎಂದು ತಿಳಿದಿದ್ದರೆಂಬುದು ರಾಯಣ್ಣನ ಹಾಡುಗಳಲ್ಲಿ ನಿಚ್ಚಳವಾಗಿದೆ. ಇವು ಅಚ್ಚಿನ ಮೊಳೆಗೆ ಕಾಯಲಿಲ್ಲ. ಪತ್ರಿಕೆ ಹುಟ್ಟುವ ಮೊದಲೇ ಈ ಸೀಮೆ ತನ್ನ ತೀರ್ಪನ್ನು ಕೊಟ್ಟಾಗಿತ್ತು.

ಇನ್ನೊಂದು ಸಂಗತಿಯನ್ನು ನೋಡಿ. ಈ ಲಾವಣಿಗಳಲ್ಲಿ ಕೆಲವು ಹತ್ತೊಂಬತ್ತನೆಯ ಶತಮಾನದಲ್ಲೇ ಅಚ್ಚಾದವು. ಅಚ್ಚು ಹಾಕಿಸಿದವನು ಶಾಸನಗಳ ವಿದ್ವಾಂಸನೆಂದು ನಾವೆಲ್ಲ ಬಲ್ಲ ಜಾನ್ ಫೇತ್‌ಫುಲ್ ಫ್ಲೀಟ್, ಮುಂಬಯಿ ಸರಕಾರದ ಅಧಿಕಾರಿ. 1885ರಿಂದ ಮುಂದಕ್ಕೆ ‘ಇಂಡಿಯನ್ ಆಂಟಿಕ್ವರಿ’ ಎಂಬ ವಿದ್ವತ್ ಪತ್ರಿಕೆಯಲ್ಲಿ ಅವನು ಕನ್ನಡದ ಐದು ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನದು ಒಂದು. ಹಲಗಲಿಯ ಬೇಡರ ದಂಗೆಯದು ಒಂದು. ಸರಕಾರ ವರಮಾನ ತೆರಿಗೆ ಹೇರಿದ್ದರ ಮೇಲೆ ಒಂದು. ಸಂಗ್ಯಾನ ಕೊಲೆಯದು ಒಂದು. ಚನ್ನವ್ವನ ಸೊಸೆಯದು ಒಂದು. ಬಂಡಾಯ, ಆಯುಧ ಕಸಿಯುವ ಕಾಯಿದೆಯ ವಿರುದ್ಧ ಎದ್ದ ಜನ, ತೆರಿಗೆ, ವ್ಯಭಿಚಾರ ಮತ್ತು ಕೊಲೆ, ಅತ್ತೆಮನೆಯಲ್ಲಿ ಹೆಣ್ಣಿನ ಪಾಡು: ಈ ಐದರಲ್ಲಿ ಒಂದು ಸಮಾಜದ ಸಂಕಟಗಳ ಹೆಚ್ಚುಕಡಿಮೆ ಪೂರ್ತಿ ಪಟ್ಟಿಯೇ ಇದೆ. ಸುದ್ದಿ, ಟೀಕೆ, ತೀರ್ಪು ಮೂರೂ ಇಲ್ಲಿವೆ. ಲಾವಣಿಯನ್ನು ಬರೀ ‘ಜಾನಪದ’ ಎಂದು ಬೇರೆ ಕಪಾಟಿಗೆ ಸೇರಿಸಿ, ಪತ್ರಿಕೆಯನ್ನು ಮಾತ್ರ ‘ಆಕರ’ ಎಂದು ಕರೆಯುವವರು ಈ ವಿಂಗಡಣೆಯನ್ನು ಯಾವ ನ್ಯಾಯದಿಂದ ಮಾಡಿದರೆಂದು ಹೇಳಲಿ.

ಬೈಲಹೊಂಗಲದ ಸಂಗ್ಯಾ–ಬಾಳ್ಯಾರ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಸಂಗ್ಯಾ ಮನೆತನಸ್ಥನ ಮಗ. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಯ ಮೇಲೆ ಅವನ ಮನಸ್ಸು ಹೋಗುತ್ತದೆ. ಗೆಳೆಯ ಬಾಳ್ಯಾ ಅದಕ್ಕೆ ನೆರವಾಗುತ್ತಾನೆ. ಕೊನೆಗೆ ಅದೇ ಬಾಳ್ಯಾ ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ಹಾಡಾಗಿ ಫ್ಲೀಟ್‌ನ ಕೈ ಸೇರಿದ ಈ ಕಥೆ, ಬೈಲಹೊಂಗಲದ ಪತ್ತಾರ ಮಾಸ್ತರರದೆಂದು ಹೇಳುವ ಸಣ್ಣಾಟವಾಗಿ ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ರಾತ್ರಿಯಿಡೀ ನಡೆಯಿತು. ಕೋರ್ಟಿಗೆ ಇದು ಒಂದು ಕೊಲೆ ಮೊಕದ್ದಮೆ. ಪತ್ರಿಕೆಯ ಪುಟದಲ್ಲೂ ಇಂಥದು ಆರೋಪಿ, ಸಾಕ್ಷಿ, ಶಿಕ್ಷೆ ಎಂದು ಮುಗಿದುಹೋಗುವ ವರದಿ. ಆಟ ನೋಡಲು ಕುಳಿತ ಮಂದಿಗೆ ಇದು ಬೇರೆಯೇ ಪ್ರಶ್ನೆ ಕೇಳಿತು. ಪರರ ಹೆಂಡತಿಯನ್ನು ಬಯಸಿದವನು ದೊಡ್ಡ ಪಾಪಿಯೋ, ಗೆಳೆತನ ಮಾರಿದವನು ದೊಡ್ಡ ಪಾಪಿಯೋ? ಈರಣ್ಣನ ಸಿಟ್ಟು ನ್ಯಾಯವೋ, ಆ ಸಿಟ್ಟು ಮಾಡಿಸಿದ ಕೊಲೆ ನ್ಯಾಯವೋ? ಗಂಗಿಯ ಮನಸ್ಸಿನ ಗತಿ ಏನು? ಒಂದು ಊರು ತನ್ನೊಳಗಿನ ಹೊಲಸನ್ನು ತಾನೇ ರಂಗದ ಮೇಲೆ ತಂದು, ತಾನೇ ಕುಳಿತು ನೋಡಿ, ತಾನೇ ತೂಗಿತು. ಮೌಲ್ಯದ ಚರ್ಚೆ ಎಂದರೆ ಇದೇ. ಮುಂದೆ ಚಂದ್ರಶೇಖರ ಕಂಬಾರರು ಸಂಗ್ಯಾ–ಬಾಳ್ಯಾ ಆಟವನ್ನು ಹೊಸ ಓದುಗರ, ಹೊಸ ರಂಗಭೂಮಿಯ ಮುಂದೆ ನಿಲ್ಲಿಸಿದಾಗ ಅದು ನಾಡಿನ ಸ್ವತ್ತಾಯಿತು; ಅದಕ್ಕೂ ಮೊದಲೇ ಅದು ಈ ಸೀಮೆಯ ಆತ್ಮಪರೀಕ್ಷೆಯಾಗಿತ್ತು.

ಈಗ ಪತ್ರಿಕೆಗಳ ಕಡೆಗೆ ಬರೋಣ. ಅವುಗಳನ್ನು ಬರೆದವರು, ಕೊಂಡವರು, ಓದಿದವರು ಯಾರು? 1901ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 10 ಲಕ್ಷ. ಓದುಬರಹ ಬಲ್ಲವರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ವರ್ಷದ ವರ್ಗಣಿಯನ್ನು ಮುಂಗಡ ಕಟ್ಟಿ, ಅಂಚೆಯಲ್ಲಿ ಪತ್ರಿಕೆ ತರಿಸುವ ಶಕ್ತಿ ಅಕ್ಷರ ಬಲ್ಲವರಲ್ಲೂ ಕೆಲವರಿಗೆ ಮಾತ್ರ ಇತ್ತು. ಮಾಸ್ತರರು, ವಕೀಲರು, ಮಾಮಲೇದಾರ ಕಚೇರಿಯ ಕಾರಕೂನರು, ಕುಲಕರ್ಣಿಗಳು, ದೇಸಾಯರ ವಾಡೆಗಳು, ಕೆಲ ಅಡತಿ ವ್ಯಾಪಾರಿಗಳು ಸೇರಿದರೆ ಪತ್ರಿಕೆಯ ಲೋಕ ಮುಗಿಯಿತು. ಈ ಲೋಕ ಧಾರವಾಡ, ಬೆಳಗಾವಿಗಳಲ್ಲಿ ನೆಲೆಸಿತ್ತು. ಬೈಲಹೊಂಗಲ, ಕಿತ್ತೂರುಗಳು ಸಂಪಗಾವಿ ತಾಲೂಕಿನ ಊರುಗಳು. ಸವದತ್ತಿ ಪರಸಗಡ ತಾಲೂಕಿನದು. ರಾಮದುರ್ಗ ಬೇರೆಯೇ ಸಂಸ್ಥಾನ. ರೈಲು ಈ ನಾಲ್ಕರಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಅಚ್ಚುಕೂಟ, ಕಾಲೇಜು, ಸ್ಟೇಶನ್ ಇದ್ದ ಊರಿನ ಮಾತು, ಅವಾವುವೂ ಇಲ್ಲದ ಊರಿನ ಮನಸ್ಸನ್ನು ಹೇಗೆ ಪ್ರತಿಬಿಂಬಿಸೀತು?

ಭಾಷೆಯನ್ನು ನೋಡಿದರೆ ಸಂಗತಿ ಇನ್ನೂ ಸ್ಪಷ್ಟ. 1849ರಲ್ಲಿ ಬೆಳಗಾವಿಯಿಂದ ‘ಸುಬುದ್ಧಿ ಪ್ರಕಾಶ’ ಕನ್ನಡದಲ್ಲಿ ಹೊರಟಿತೆಂಬುದು ನಮ್ಮ ಹೆಮ್ಮೆ. ಆದರೆ ಅದೇ ಊರಿನಲ್ಲಿ 1863ರಲ್ಲಿ ಶುರುವಾದ ‘ಬೆಳಗಾವ ಸಮಾಚಾರ’ ಮರಾಠಿಯದು, 1919ರ ‘ತರುಣ ಭಾರತ’ ಮರಾಠಿಯದು. ರಾಮದುರ್ಗದ ಭಾವೆ ಮನೆತನದ ದರಬಾರಿನ ಭಾಷೆ ಮರಾಠಿ. ಮರಾಠಿ ಪತ್ರಿಕೆಗಳ ದೇಶಪ್ರೇಮ ನಿಜವಾದದ್ದು, ಅವುಗಳ ಓದುಗರೂ ನಮ್ಮವರೇ. ಆದರೆ ಪತ್ರಿಕೆ ಸಮುದಾಯದ ಕನ್ನಡಿ ಎಂಬ ವಾದವನ್ನು ಇಲ್ಲಿಗೆ ಹಚ್ಚಿ ನೋಡಿ. ಬೈಲಹೊಂಗಲದ ಹತ್ತಿ ಪೇಟೆಯಲ್ಲಿ, ಸವದತ್ತಿಯ ಸಂತೆಯಲ್ಲಿ, ರಾಮದುರ್ಗದ ಹೊಲಗಳಲ್ಲಿ ಕನ್ನಡವೇ ಉಸಿರಾಗಿದ್ದ ಜನರಿಗೆ, ನಿಮ್ಮ ಮೌಲ್ಯ ಮರಾಠಿ ಪತ್ರಿಕೆಯಲ್ಲಿದೆ ಎಂದು ಹೇಳಬೇಕಾಗುತ್ತದೆ. ಇದನ್ನು ಯಾರು ಒಪ್ಪುತ್ತಾರೆ? ಒಪ್ಪುವುದಿಲ್ಲವೆಂದಾದರೆ ಕನ್ನಡಿಯ ವಾದವನ್ನೇ ಬಿಡಬೇಕು.

ಇನ್ನು, ಆ ಪತ್ರಿಕೆಗಳಲ್ಲಿ ನಮ್ಮ ಕೈಗೆ ಎಷ್ಟು ಉಳಿದಿದೆ? ಹತ್ತೊಂಬತ್ತನೆಯ ಶತಮಾನದ ಅನೇಕ ಕನ್ನಡ ವಾರಪತ್ರಿಕೆಗಳ ಪೂರ್ಣ ಸಂಚಿಕೆಗಳೇ ಉಳಿದಿಲ್ಲ. ಸಂಶೋಧಕರು ಹೆಚ್ಚಾಗಿ ಮೊರೆಹೋಗುವುದು ಮುಂಬಯಿ ಸರಕಾರ 1868ರಿಂದ ವಾರವಾರ ಸಿದ್ಧಪಡಿಸುತ್ತಿದ್ದ ದೇಶೀ ಪತ್ರಿಕೆಗಳ ವರದಿಗೆ. ಸರಕಾರದ ಭಾಷಾಂತರ ಕಚೇರಿ ಪತ್ರಿಕೆಗಳನ್ನು ಓದಿ, ಅಧಿಕಾರಿಗಳಿಗೆ ತಿಳಿಯಬೇಕಾದ ಅಂಶಗಳನ್ನಷ್ಟೇ ಇಂಗ್ಲಿಷಿನಲ್ಲಿ ಸಾರಾಂಶ ಮಾಡಿ ಗುಟ್ಟಾಗಿ ಹಂಚುತ್ತಿತ್ತು. ಯಾವ ಲೇಖನ ಸರಕಾರಕ್ಕೆ ಅಪಾಯ, ಯಾವ ಅಹವಾಲಿಗೆ ಉತ್ತರ ಬೇಕು ಎಂಬ ದೃಷ್ಟಿಯಿಂದ ಆಯ್ದ ಸಾಲುಗಳವು. ಆ ಸಾಲುಗಳನ್ನು ಓದಿ ‘ಸಮುದಾಯದ ಮೌಲ್ಯ’ ಕಂಡೆವೆನ್ನುವವರು ಸರಕಾರದ ಕಣ್ಣಿನಿಂದ ನೋಡುತ್ತಿದ್ದಾರೆ. ವಸಾಹತುಶಾಹಿಯನ್ನು ಬಯ್ಯುತ್ತಲೇ ಅದರ ಬೇಹುಗಾರಿಕೆಯ ಕಡತವನ್ನು ಜನರ ಮನಸ್ಸೆಂದು ಒಪ್ಪಿಕೊಳ್ಳುವುದು ಎಂಥ ವಿಪರ್ಯಾಸ!

ಕಾಯಿದೆಗಳ ಬಿಗಿಯನ್ನೂ ಮರೆಯಬಾರದು. 1870ರಲ್ಲಿ ರಾಜದ್ರೋಹದ ಕಲಮು ದಂಡಸಂಹಿತೆಗೆ ಸೇರಿತು. 1878ರಲ್ಲಿ ವೈಸರಾಯ್ ಲಿಟ್ಟನ್ ದೇಶಭಾಷೆಯ ಪತ್ರಿಕೆಗಳಿಗಷ್ಟೇ ಅನ್ವಯಿಸುವ ಕಾಯಿದೆ ತಂದು, ಮುದ್ರಕರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟ. ಕೆಲವೇ ವರ್ಷಗಳಲ್ಲಿ ಅದು ರದ್ದಾಯಿತು. ಆದರೆ 1910ರ ಕಾಯಿದೆ ಇನ್ನೂ ಗಟ್ಟಿಯಾಗಿ ಬಂತು. ಹೊಸ ಅಚ್ಚುಕೂಟ ತೆರೆಯುವವರು 500ರಿಂದ 2,000 ರೂಪಾಯಿವರೆಗೆ ಠೇವಣಿ ಇಡಬೇಕು, ಬರೆದದ್ದು ಸರಕಾರಕ್ಕೆ ಸೇರದಿದ್ದರೆ ಅದು ಮುಟ್ಟುಗೋಲು. ಧಾರವಾಡದ ಸಣ್ಣ ಅಚ್ಚುಕೂಟದ ಮಾಲೀಕನಿಗೆ ಅದು ಇಡೀ ಸಂಸಾರದ ಜೀವನ. ಇಂಥ ಕಾಯಿದೆಯ ಅಡಿಯಲ್ಲಿ ಬರೆದ ಮಾತಿಗಿಂತ ಬರೆಯದೆ ಬಿಟ್ಟ ಮಾತು ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಬಿಟ್ಟ ಮಾತನ್ನು ಲೆಕ್ಕಕ್ಕೆ ಹಿಡಿಯದವರು ಪತ್ರಿಕೆಯನ್ನೂ ಸರಿಯಾಗಿ ಓದಿಲ್ಲ. ಊರ ಬಯಲಿನಲ್ಲಿ ರಾಯಣ್ಣನ ಪದ ಹಾಡುವವನು ಠೇವಣಿ ಇಟ್ಟಿರಲಿಲ್ಲ, ಮುಚ್ಚಳಿಕೆ ಬರೆದುಕೊಟ್ಟಿರಲಿಲ್ಲ.

ಸಂಸ್ಥಾನದ ಪ್ರಜೆಗಳ ಪಾಡು ಇದಕ್ಕಿಂತ ಬಿಗಿಯಾಗಿತ್ತು. 1922ರ ಕಾಯಿದೆ ರಾಜರ ವಿರುದ್ಧ ಅಸಮಾಧಾನ ಹುಟ್ಟಿಸುವ ಬರಹವನ್ನು ಬ್ರಿಟಿಷ್ ಸೀಮೆಯ ಪತ್ರಿಕೆಗಳಲ್ಲೂ ಅಪರಾಧ ಮಾಡಿತು. 1934ರ ಕಾಯಿದೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ರಾಮದುರ್ಗದ ರೈತ ತೆರಿಗೆಯ ಭಾರದಿಂದ ಒದ್ದಾಡುತ್ತಿದ್ದಾಗ ಅವನ ಪರವಾಗಿ ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಅಚ್ಚಾಗುವ ಪ್ರತಿ ಸಾಲಿನ ಮೇಲೂ ಈ ಕಾಯಿದೆಗಳ ನೆರಳಿತ್ತು. 1939ರ ಏಪ್ರಿಲ್‌ನಲ್ಲಿ ಅಲ್ಲಿ ಪ್ರಜಾಸಂಘದ ಚಳವಳಿ ಸಿಡಿಯಿತು. ನಾಯಕರ ಬಂಧನವಾಯಿತು, ಜನ ಸೆರೆಮನೆಗೆ ನುಗ್ಗಿದರು. ಪೊಲೀಸರು ಸತ್ತರು, ಜನರೂ ಸತ್ತರು. ಬಳಿಕ ಮೊಕದ್ದಮೆ, ಗಲ್ಲು, ದೀರ್ಘ ಸೆರೆವಾಸ. ಆಗಿನ ರಾಷ್ಟ್ರೀಯ ಪತ್ರಿಕೆಗಳಿಗೆ ಎದುರಾದ ದೊಡ್ಡ ಪ್ರಶ್ನೆ, ಅಹಿಂಸೆಯ ವ್ರತಕ್ಕೆ ಕಳಂಕ ಬಂತಲ್ಲ ಎಂಬುದು. ಗಾಂಧೀಜಿಯವರನ್ನೂ ಈ ಹಿಂಸೆ ನೋಯಿಸಿತು. ಆ ನೋವು ಪ್ರಾಮಾಣಿಕವಾದದ್ದು, ಆ ಪ್ರಶ್ನೆ ಕೇಳಲೇಬೇಕಾದದ್ದು. ಆದರೆ ಅದು ಚಳವಳಿಯ ನಾಯಕತ್ವದ ಮೌಲ್ಯ. ಸೆರೆಮನೆಯ ಬಾಗಿಲಿಗೆ ಹೋದ ರೈತನನ್ನು ಅಲ್ಲಿಗೆ ಒಯ್ದ ಮೌಲ್ಯ ಯಾವುದು? ತನ್ನವರನ್ನು ಹಿಡಿದರೆ ಮನೆಯಲ್ಲಿ ಕೂಡಬಾರದು ಎಂಬ ಅವನ ಧರ್ಮ ಯಾವ ಸಂಪಾದಕೀಯದಲ್ಲಿದೆ? ಅದನ್ನು ಹುಡುಕಬೇಕಾದದ್ದು ಆ ಸೀಮೆಯ ಮನೆಗಳ ನೆನಪಿನಲ್ಲಿ, ಮೊಕದ್ದಮೆಯ ಹೇಳಿಕೆಗಳಲ್ಲಿ. 1858ರಲ್ಲಿ ರಾಮದುರ್ಗದಿಂದ ಹೊರಟ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಕೊಂದ ನರಗುಂದದ ಅರಸ ಬಾಬಾಸಾಹೇಬನನ್ನು ಹಾಡಿನಲ್ಲಿ ಉಳಿಸಿಕೊಂಡ ಸೀಮೆ ಅದು. ಅರಸ ಮತ್ತು ಪ್ರಜೆ, ಒಪ್ಪಂದ ಮತ್ತು ದ್ರೋಹ ಎಂಬುದರ ಬಗ್ಗೆ ಅದಕ್ಕೆ ತನ್ನದೇ ಹಳೆಯ ಅಭಿಪ್ರಾಯವಿತ್ತು.

ಈಗ ಸವದತ್ತಿಗೆ ಬರುತ್ತೇನೆ. ನನ್ನ ವಾದದ ಗಟ್ಟಿ ಅಂಶ ಅಲ್ಲಿದೆ, ಕನ್ನಡಿವಾದಿಗಳು ಉತ್ತರಿಸಲಾಗದ ಪ್ರಶ್ನೆಯೂ ಅಲ್ಲಿದೆ. ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಹರಿದುಬರುತ್ತಾರೆ. ಹುಡುಗಿಯರಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ಪದ್ಧತಿ ಅಲ್ಲಿ ತಲೆಮಾರುಗಳಿಂದ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸುಧಾರಕ ಪತ್ರಿಕೆಗಳು ದೇವದಾಸಿ ಪದ್ಧತಿಯ ವಿರುದ್ಧ ದನಿ ಎತ್ತಿದವು. ‘ಇಂಡಿಯನ್ ಸೋಶಿಯಲ್ ರಿಫಾರ್ಮರ್’ ಅದರಲ್ಲಿ ಮುಂದಿತ್ತು. ಆ ಒತ್ತಡ ಬೆಳೆದು 1934ರಲ್ಲಿ ಮುಂಬಯಿ ಪ್ರಾಂತದಲ್ಲಿ ದೇವದಾಸಿಯರ ರಕ್ಷಣೆಯ ಕಾಯಿದೆ ಬಂತು. ಕರ್ನಾಟಕ 1982ರಲ್ಲಿ ಮತ್ತೆ ನಿಷೇಧ ಕಾಯಿದೆ ಮಾಡಬೇಕಾಯಿತು. ಅಂದರೆ ಸುಮಾರು ಐವತ್ತು ವರ್ಷ ಕಳೆದರೂ ಪದ್ಧತಿ ಜೀವಂತವಾಗಿತ್ತು.

ಹೇಳಿ, ಇಲ್ಲಿ ಪತ್ರಿಕೆ ಸಮುದಾಯದ ಮೌಲ್ಯವನ್ನು ಪ್ರತಿಬಿಂಬಿಸಿತೇ? ಇಲ್ಲ. ಸಮುದಾಯದಲ್ಲಿ ಬೇರುಬಿಟ್ಟಿದ್ದ ಒಂದು ಮೌಲ್ಯವನ್ನು ಅದು ವಿರೋಧಿಸಿತು. ವಿರೋಧಿಸಿದ್ದೇ ಸರಿ. ಎಳೆಯ ಹೆಣ್ಣುಮಕ್ಕಳ ಬಾಳನ್ನು ಹರಕೆಗೆ ಒತ್ತೆ ಇಡುವುದನ್ನು ಯಾವ ಭಕ್ತಿಯ ಹೆಸರಿನಲ್ಲೂ ಸಮರ್ಥಿಸಲಾಗದು. ಆ ಸಂಪಾದಕರು ಸಮಾಜದ ಮುಖವನ್ನು ತೋರಿಸಿ ಸುಮ್ಮನಾಗಿದ್ದರೆ ಇಂದು ಅವರನ್ನು ನೆನೆಯಲು ಕಾರಣವೇ ಇರುತ್ತಿರಲಿಲ್ಲ. ಅವರು ದೊಡ್ಡವರಾದದ್ದು ತಮ್ಮ ಸಮಾಜಕ್ಕೆ ಹೊರತಾಗಿ ನಿಂತದ್ದರಿಂದ. ಹೀಗಿರುವಾಗ ‘ಪತ್ರಿಕೆ ಸಮಾಜದ ಕನ್ನಡಿ’ ಎಂದು ಹೊಗಳುವವರು ನಿಜವಾಗಿ ಅವರ ದೊಡ್ಡತನವನ್ನು ಕಸಿಯುತ್ತಿದ್ದಾರೆ.

ಇದರ ಮತ್ತೊಂದು ಮುಖವನ್ನೂ ಹೇಳಲೇಬೇಕು. ಆ ಚರ್ಚೆಯಲ್ಲಿ ದೇವಿಗೆ ಬಿಟ್ಟ ಹೆಂಗಸು ಸಮಸ್ಯೆಯಾಗಿ ಬಂದಳು, ಮಾತಾಡುವವಳಾಗಿ ಬರಲಿಲ್ಲ. ಅವಳ ಬಗ್ಗೆ ವಕೀಲರು ಬರೆದರು, ಪಾದ್ರಿಗಳು ಬರೆದರು, ಸುಧಾರಕರು ಬರೆದರು. ಅವಳು ಮಾತಾಡಿದ್ದು ಚೌಡಿಕೆಯ ಪದಗಳಲ್ಲಿ. ಗಂಡನ ಶಾಪಕ್ಕೆ ಗುರಿಯಾದ ರೇಣುಕೆ, ತಾಯಿಯ ತಲೆ ಕಡಿದ ಮಗ ಪರಶುರಾಮ, ಕಾರ್ತವೀರ್ಯನ ಸೊಕ್ಕು: ಈ ಕಥೆಯನ್ನು ಜೋಗತಿ ಎತ್ತಿ ಹಾಡುವಾಗ ಭಕ್ತಿಯ ಜೊತೆಗೆ ದೂರೂ ಇರುತ್ತದೆ. ಗಂಡಸಿನ ಸಂಶಯಕ್ಕೆ ಬಲಿಯಾದ ಹೆಣ್ಣು ದೇವಿಯಾದದ್ದನ್ನು ಬಲಿಯಾದ ಹೆಣ್ಣೇ ಹಾಡುತ್ತಾಳೆ. ಈ ದೂರನ್ನು ಆಗಿನ ಸುಧಾರಕ ಕೇಳಿಸಿಕೊಂಡಿದ್ದರೆ ಸುಧಾರಣೆ ಆ ಹೆಂಗಸರ ಒಳಗಿನಿಂದಲೇ ಬಲ ಪಡೆಯುತ್ತಿತ್ತು. ಇಂದಿನ ಸಂಶೋಧಕನೂ ಪತ್ರಿಕೆಯನ್ನಷ್ಟೇ ಓದಿ ಅದೇ ಕಿವುಡನ್ನು ಮುಂದುವರಿಸಬಾರದು.

‘ಸಮುದಾಯ’ ಎಂಬುದನ್ನೂ ಕನ್ನಡಿವಾದಿಗಳು ಮೊದಲೇ ಸಿದ್ಧವಾಗಿದ್ದ ವಸ್ತುವೆಂದು ತಿಳಿಯುತ್ತಾರೆ. ಸಮುದಾಯ ಮೊದಲು, ಪತ್ರಿಕೆ ಆಮೇಲೆ, ಎಂಬುದು ಅವರ ಲೆಕ್ಕ. ನಡೆದದ್ದು ಬಹುಪಾಲು ತಿರುಗಾಮುರುಗಾ. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಸೇರಿದಾಗ ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು ಅದರ ಅಧ್ಯಕ್ಷರಾದರು. ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬಿಟ್ಟುಹೋದರು. ಬೇರೆಬೇರೆ ಪಂಗಡಗಳಾಗಿ, ಬೇರೆಬೇರೆ ಮಠಗಳ ಶಿಷ್ಯರಾಗಿ ಬಾಳುತ್ತಿದ್ದ ಜನರಿಗೆ ‘ನಾವೆಲ್ಲ ಒಂದು ಸಮಾಜ, ಓದು ನಮ್ಮ ದಾರಿ’ ಎಂದು ಹೇಳಿಕೊಡುವ ಕೆಲಸ ಸಭೆ, ಪತ್ರಿಕೆ, ಬೋರ್ಡಿಂಗುಗಳಿಂದ ಆಯಿತು. ಕರ್ನಾಟಕತ್ವದ ಕಥೆಯೂ ಅದೇ. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು, 1922ರಲ್ಲಿ ‘ಜಯಕರ್ನಾಟಕ’ ತೆಗೆದರು. ಆಗ ಬೈಲಹೊಂಗಲದ ಒಕ್ಕಲಿಗನ ಮನಸ್ಸಿನಲ್ಲಿ ಏಕೀಕೃತ ಕರ್ನಾಟಕವೆಂಬ ಚಿತ್ರ ಮೊದಲೇ ಇತ್ತು, ಆಲೂರರು ಅದನ್ನು ನಕಲು ಮಾಡಿದರು ಎಂದು ಯಾರಾದರೂ ಹೇಳುತ್ತಾರೆಯೇ? ಆ ಚಿತ್ರವನ್ನು ಬಿಡಿಸಿದವರೇ ಅವರು. ಹೊಸ ಮೌಲ್ಯವನ್ನು ಕಟ್ಟಿದ ಕೀರ್ತಿ ಅವರದು. ಅದನ್ನು ಕಸಿಯುವ ಹಕ್ಕು ನಮಗಿಲ್ಲ.

ಹಳೆಯ ಮೌಲ್ಯಗಳು ಪತ್ರಿಕೆಗೆ ಎಷ್ಟು ತಡವಾಗಿ ತಲುಪಿದವೆಂಬುದಕ್ಕೆ ವಚನಗಳೇ ಸಾಕ್ಷಿ. ಬಸವಾದಿ ಶರಣರ ಮಾತು ಈ ಭಾಗದ ಮಠಗಳಲ್ಲಿ, ಮನೆಯ ತಾಳೆಗರಿಯ ಕಟ್ಟುಗಳಲ್ಲಿ ಶತಮಾನಗಳಿಂದ ಬದುಕಿತ್ತು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು, 1926ರಲ್ಲಿ ಅವರ ‘ಶಿವಾನುಭವ’ ಪತ್ರಿಕೆ ವಿಜಾಪುರದಿಂದ ಹೊರಟಿತು. ಅಂದರೆ ‘ಮಂಗಳೂರ ಸಮಾಚಾರ’ದಿಂದ ಎಂಬತ್ತು ವರ್ಷಗಳ ಬಳಿಕ. ಈ ನಾಡಿನ ಅತ್ಯಂತ ಆಳವಾದ ನೀತಿ ವಿಚಾರಕ್ಕೆಂದೇ ಒಂದು ಪತ್ರಿಕೆ ನಿಲ್ಲಲು ಇಷ್ಟು ಕಾಲ ಹಿಡಿಯಿತು, ಅದೂ ಒಬ್ಬ ವಕೀಲ ತನ್ನ ಬಾಳನ್ನೇ ತೇದಾಗ. ಆ ಎಂಬತ್ತು ವರ್ಷಗಳ ಪತ್ರಿಕೆಗಳನ್ನಷ್ಟೇ ಓದಿದವನಿಗೆ ವಚನಗಳು ಜನರ ಬಾಳಿನಲ್ಲಿ ಎಷ್ಟು ಒಳಗೆ ಇಳಿದಿದ್ದವೆಂದು ತಿಳಿಯುವುದೇ ಇಲ್ಲ.

ಎದುರು ವಾದಗಳಿಗೆ ಉತ್ತರ ಕೊಡದೆ ಮುಗಿಸುವುದು ನ್ಯಾಯವಲ್ಲ. ಒಬ್ಬ ಓದಿದರೆ ಚಾವಡಿಯಲ್ಲಿ ಇಪ್ಪತ್ತು ಮಂದಿ ಕೇಳುತ್ತಿದ್ದರು, ಆದ್ದರಿಂದ ಓದುಬರಹದ ಅಂಕಿಯನ್ನು ಮುಂದಿಡಬೇಡಿ ಎನ್ನುತ್ತಾರೆ. ಕೇಳುತ್ತಿದ್ದರು, ನಿಜ. 1921ರಲ್ಲಿ ರಂಗನಾಥ ದಿವಾಕರರು ಧಾರವಾಡದಿಂದ ‘ಕರ್ಮವೀರ’ ಹೊರಡಿಸಿದ ಮೇಲೆ, 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮೇಲೆ, ಪತ್ರಿಕೆಯ ದನಿ ಹಳ್ಳಿಗಳಿಗೆ ಮುಟ್ಟಿತೆಂಬುದನ್ನು ನಾನು ತುಂಬು ಮನಸ್ಸಿನಿಂದ ಒಪ್ಪುತ್ತೇನೆ. ಆದರೆ ಕೇಳಿಸಿಕೊಂಡವರ ಸಂಖ್ಯೆ ಪತ್ರಿಕೆಯ ಪ್ರಭಾವವನ್ನು ಹೇಳುತ್ತದೆ, ಅದು ಯಾರ ಮನಸ್ಸಿನ ಮಾತೆಂಬುದನ್ನು ಹೇಳುವುದಿಲ್ಲ. ಚಾವಡಿಯಲ್ಲಿ ಕೂತು ಕೇಳಿದವನ ಉತ್ತರ ಮುಂದಿನ ಸಂಚಿಕೆಯಲ್ಲಿ ಅಚ್ಚಾಗುತ್ತಿರಲಿಲ್ಲ.

ಹಳ್ಳಿಗಳ ಬಾತ್ಮೀದಾರರು ಬರೆದ ಪತ್ರಗಳಿವೆಯಲ್ಲ ಎಂಬುದು ಇನ್ನೊಂದು ವಾದ. ಅವು ಬೆಲೆಯುಳ್ಳವು. ಮಳೆ, ಬೆಳೆ, ಪ್ಲೇಗು, ಮಾಮಲೇದಾರನ ದಬ್ಬಾಳಿಕೆ ಇವುಗಳ ಬಗ್ಗೆ ಅಂಥ ಪತ್ರಗಳಿಂದ ಬಹಳ ತಿಳಿಯುತ್ತದೆ. ಆದರೆ ಪತ್ರ ಬರೆಯಬಲ್ಲವನು ಊರಿನಲ್ಲಿ ಯಾರು? ಮಾಸ್ತರ, ಕುಲಕರ್ಣಿ, ಇಲ್ಲವೇ ವಾಡೆಯ ಮಗ. ಕೇರಿಯ ದೂರು ಅವನ ಕೈಯಿಂದ ದಾಟಿ ಬರಬೇಕಿತ್ತು. ಆ ದೂರು ಅವನ ಮೇಲೆಯೇ ಇದ್ದರೆ ದಾಟುತ್ತಲೇ ಇರಲಿಲ್ಲ.

ಲಾವಣಿಯಲ್ಲೂ ಉತ್ಪ್ರೇಕ್ಷೆ ಇದೆ, ಪಕ್ಷಪಾತ ಇದೆ, ತೇದಿ ತಪ್ಪಿರುತ್ತದೆ ಎಂಬುದು ಮೂರನೆಯದು. ಹೌದು, ಇದೆ. ಗೌಡರ ಮನೆಯ ಜೋಳ ತಿಂದು ಹಾಡಿದ ಲಾವಣಿಯೂ ಇದೆ, ಫ್ಲೀಟ್‌ನ ಪಾಠದಲ್ಲಿ ಅಧಿಕಾರಿಯ ಕೈವಾಡವೂ ಇರಬಹುದು. ಲಾವಣಿಯನ್ನು ದೇವರ ವಾಕ್ಯವೆಂದು ನಂಬಿರೆಂದು ನಾನು ಹೇಳುತ್ತಿಲ್ಲ. ಯಾರು ಕಟ್ಟಿದರು, ಯಾರ ಮುಂದೆ ಹಾಡಿದರು, ಯಾರು ಕಾಳು ಕೊಟ್ಟರು ಎಂದು ಕೇಳಿಯೇ ಓದಿರಿ. ಅದೇ ಪ್ರಶ್ನೆಯನ್ನು ಪತ್ರಿಕೆಗೂ ಕೇಳಿರಿ ಎಂಬುದಷ್ಟೇ ನನ್ನ ಒತ್ತಾಯ. ತೇದಿಗೆ, ಅಂಕಿಗೆ ಪತ್ರಿಕೆಯೇ ಮೇಲು. ಮೌಲ್ಯಕ್ಕೆ ಬಂದಾಗ ಹಾಡಿಗೆ ಪತ್ರಿಕೆಗಿಲ್ಲದ ಒಂದು ಬಲವಿದೆ: ಕೇಳುವ ಮಂದಿ ಒಪ್ಪದಿದ್ದರೆ ಅದು ಮುಂದಿನ ಊರಿಗೆ ಹೋಗದು, ಮುಂದಿನ ತಲೆಮಾರಿಗಂತೂ ಉಳಿಯದು. ವರ್ಗಣಿದಾರರು ಒಪ್ಪಿದರೆ ಪತ್ರಿಕೆ ನಡೆಯುತ್ತದೆ. ಊರು ಒಪ್ಪಿದರೆ ಮಾತ್ರ ಹಾಡು ನಡೆಯುತ್ತದೆ.

ಚರ್ಚೆಯ ಕ್ರಮವೂ ನಮ್ಮವರಿಗೆ ಹೊಸದಾಗಿರಲಿಲ್ಲ. ಗೀಗೀ ಮೇಳಗಳಲ್ಲಿ ಹರದೇಸಿ–ನಾಗೇಸಿ ಎಂಬ ಎರಡು ಪಕ್ಷಗಳಿವೆ. ಗಂಡು ಹೆಚ್ಚೆಂದು ಹರದೇಸಿಯವರು, ಹೆಣ್ಣು ಹೆಚ್ಚೆಂದು ನಾಗೇಸಿಯವರು ಇರುಳೆಲ್ಲ ಸವಾಲು ಜವಾಬು ನಡೆಸುತ್ತಾರೆ. ಎರಡೂ ಪಕ್ಷಕ್ಕೆ ಒಂದೇ ಕಟ್ಟೆ, ಒಂದೇ ಸಭೆ, ಅಲ್ಲಿಯೇ ಉತ್ತರ. ಸಾರ್ವಜನಿಕ ಚರ್ಚೆಯನ್ನು ಈ ಸೀಮೆಗೆ ಅಚ್ಚುಕೂಟವೇ ತಂದಿತೆಂದು ಬರೆಯುವವರು ಒಂದು ರಾತ್ರಿ ಆ ಸಭೆಯಲ್ಲಿ ಕೂತು ಬರಲಿ.

ಹಾಗಾದರೆ ಮಾಡಬೇಕಾದದ್ದೇನು? ಹಳೆಯ ಪತ್ರಿಕೆಗಳನ್ನು ಬಿಸಾಡಬೇಕಿಲ್ಲ. ಉಳಿದ ಪ್ರತಿಯೊಂದು ಹಾಳೆಯನ್ನೂ ಕಾಪಾಡಬೇಕು, ಗೆದ್ದಲಿಗೆ ಬಿಡದೆ ಸ್ಕ್ಯಾನ್ ಮಾಡಿಸಬೇಕು. ಆದರೆ ಅವುಗಳನ್ನು ಒಂದು ಪಕ್ಷದ ವಾದಪತ್ರವೆಂದು ಓದಬೇಕು. ಯಾರು ಬರೆದರು, ಯಾರು ದುಡ್ಡು ಕೊಟ್ಟರು, ಯಾವ ಕಾಯಿದೆಯ ಅಡಿಯಲ್ಲಿ ಬರೆದರು, ಯಾರ ವಿರುದ್ಧ ಬರೆದರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳದ ಪ್ರಬಂಧಕ್ಕೆ ಪದವಿ ಕೊಡಬಾರದು. ಎಂ.ಎಂ. ಕಲಬುರ್ಗಿಯವರಂಥ ವಿದ್ವಾಂಸರು ಕಿತ್ತೂರಿನ ಹಾಡು, ದಾಖಲೆಗಳನ್ನು ಒಟ್ಟಿಗೆ ಇಟ್ಟು ಸಂಪಾದಿಸುವ ದಾರಿ ತೋರಿಸಿದ್ದಾರೆ. ಬೆಳಗಾವಿಯಲ್ಲಿ ಚೆನ್ನಮ್ಮನ ಹೆಸರಿನದೇ ವಿಶ್ವವಿದ್ಯಾಲಯವಿದೆ. ಅದರ ವಿದ್ಯಾರ್ಥಿಗಳು ಪತ್ರಿಕೆಯ ಸಂಚಿಕೆಯನ್ನು ಒಂದು ಕೈಯಲ್ಲಿ, ಲಾವಣಿಯ ಪಾಠವನ್ನು ಇನ್ನೊಂದು ಕೈಯಲ್ಲಿ ಹಿಡಿದು ಓದಲಿ. ಸವದತ್ತಿಯ ಚೌಡಿಕೆಯ ಮೇಳಗಳ, ಬೈಲಹೊಂಗಲದ ಸಣ್ಣಾಟದ ಕಲಾವಿದರ, ರಾಮದುರ್ಗದ ಚಳವಳಿಯ ಮನೆಗಳ ಮಾತನ್ನು ಈಗಲೇ ದಾಖಲಿಸಲಿ. ಹಾಡುವವರು ಮುದುಕರಾಗುತ್ತಿದ್ದಾರೆ, ಗ್ರಂಥಾಲಯದ ಪತ್ರಿಕೆ ಕಾದೀತು, ಅವರು ಕಾಯಲಾರರು.

ಜುಲೈ 1ರ ಸಭೆಗಳು ನಡೆಯಲಿ. ಸಂಪಾದಕರ ಹೆಸರು ಹೇಳಿ ಗೌರವಿಸೋಣ. ಆದರೆ ಅವರನ್ನು ಸಮಾಜದ ಕನ್ನಡಿ ಹಿಡಿದವರೆಂದು ಕರೆಯುವುದನ್ನು ಬಿಡೋಣ. ಅವರಲ್ಲಿ ಒಳ್ಳೆಯವರು ಸಮಾಜದೊಡನೆ ಜಗಳ ಆಡಿದರು, ಉಳಿದವರು ತಮ್ಮ ವರ್ಗದ ಮಾತನ್ನು ಆಡಿದರು. ಈ ನಾಲ್ಕು ಊರುಗಳ ಒಕ್ಕಲಿಗ, ಕುರುಬ, ಬೇಡ, ನೇಕಾರ, ಜೋಗತಿಯರ ಮೌಲ್ಯಗಳಿಗೆ ಬೇರೆ ಸಾಕ್ಷಿಗಳಿವೆ, ಅವು ಇನ್ನೂ ಬದುಕಿವೆ. ಆ ಸಾಕ್ಷಿಗಳನ್ನು ಕರೆಯದೆ ಬರೆದ ಇತಿಹಾಸವನ್ನು ಈ ಸೀಮೆಯ ಇತಿಹಾಸವೆಂದು ನಾವು ಇನ್ನುಮುಂದೆ ಒಪ್ಪಬಾರದು.